ವಾಪಸ್ ದಾಟಿದ್ದು

ಪುಕೆಕೊಹೆ ಊರಲ್ಲಿ ಬುಟ್ಟಿ ಹೆಣೆದು ಮಾರುವ, ಅಲ್ಲಿನ ಮೂಲನಿವಾಸಿ ಮಾವೊರಿ ಆಂಟಿಯೊಬ್ಬರನ್ನು ರೇಡಿಯೊಗೆಂದು ಮಾತಾಡಿಸಲು ಹೋಗಿದ್ದೆ. ಬಾಗಿಲಿಂದ ಅವರವರೆಗೂ ನೆಲದ ತುಂಬ ಬುಟ್ಟಿಗೆಂದು ಸೀಳಿದ ಫ್ಲ್ಯಾಕ್ಸ್ ಗಿಡದ ಉದ್ದನೆಯ ನಾರೆಲೆ. ಮೈಕ್ ಹಿಡಿದು ಹತ್ತಿರ ಹೋಗುವ ಆತುರದಲ್ಲಿ ಅದನ್ನು ದಾಟಿಬಿಟ್ಟೆ. ಅವರ ಕೈ ನಿಂತಿತು.

"ಹೆಣೆಯೋ ಎಲೆನ ದಾಟಬಾರದು" ಅಂದರು, ದನಿ ಏರಿಸದೆ.

ಚಿಕ್ಕವನಿದ್ದಾಗ ಮಲಗಿದ್ದ ತಮ್ಮನನ್ನು ದಾಟಿದರೆ, ದೋಷ ಹೋಗಲೆಂದು ಅಜ್ಜಿ ವಾಪಸ್ ದಾಟಿಸುತ್ತಿದ್ದರು. ಯೋಚಿಸದೆ ಇಲ್ಲೂ ಹಾಗೇ ಬಾಗಿಲ ಕಡೆಗೆ ವಾಪಸ್ ದಾಟಿದೆ. ಆಂಟಿಯ ಮುಖ ಬಿಗಿಯಿತು.

"ಈಗ ತಾನೆ ಹೇಳಿದೆ. ಮತ್ತೆ ದಾಟ್ತೀಯಲ್ಲ."

ತೊದಲುತ್ತ ಅಜ್ಜಿಯ ವಿಷಯ ಹೇಳಿದೆ. ಅವರು ಮತ್ತೆ ಎಲೆ ಕೈಗೆತ್ತಿಕೊಂಡರು.

"ನಮ್ಮಜ್ಜಿ ಇದ್ದಿದ್ರೆ ನಿನಗೆ ಎರಡೇಟು ಬೀಳ್ತಿತ್ತು. ಅಲ್ಲೇ ನಿಂತು ಕೇಳು."

ಬಾಗಿಲಲ್ಲೇ ನಿಂತು ಎಲ್ಲ ಕೇಳಿದೆ. ಆಂಟಿಯ ದನಿ ಯಾಕಿಷ್ಟು ದೂರ ಅಂದರು, ಟೇಪ್ ಹಾಕಿ ಕೇಳಿದ ರೇಡಿಯೊದವರು. ಮಧ್ಯೆ ಇಬ್ಬರು ಅಜ್ಜಿಯರು ಕೂತಿದ್ದರು ಅಂತ ಹೇಗೆ ಹೇಳಲಿ?