ಇಲ್ಲದ ಷಡ್ಡಕನ ಕಿವಿಯಂತ್ರ

ಆ ಸೋಮವಾರ ಬೆಳಿಗ್ಗೆ ತ್ರಿಪ್ಪುಣಿತ್ತುರದ ನಮ್ಮ ಫ್ಲ್ಯಾಟಿನಲ್ಲಿ ಎದ್ದು ನೋಡಿದರೆ ನನ್ನ ಫೋನು ಯಾರನ್ನೂ ಕೇಳದೆ ತಾನೇ ಅಪ್‌ಡೇಟ್ ಆಗಿ ಕೂತಿತ್ತು. ನನ್ನ ಎರಡೂ ಕಿವಿಯಂತ್ರಗಳ ಪರಿಚಯವೇ ಅದಕ್ಕೆ ಮರೆತುಹೋಗಿತ್ತು. ಕಿವಿಯ ಹಿಂದೆ ಕೂರುವ ಪುಟ್ಟ ಯಂತ್ರಗಳು ಅವು, ಗುಂಡಿಗಳೇ ಇಲ್ಲ. ಸದ್ದು ಏರಿಸಲಿಕ್ಕೂ ಇಳಿಸಲಿಕ್ಕೂ ಫೋನೇ ಬೇಕು. ಹಿಂದಿನ ದಿನ ಮದುವೆಯೊಂದರ ಚೆಂಡೆಯ ಅಬ್ಬರಕ್ಕೆ ಸದ್ದನ್ನು ತಳಕ್ಕಿಳಿಸಿದ್ದೆ. ಈಗ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ದೋಸೆ ಅಗಿದರೆ ನನ್ನ ದವಡೆ ಹಿಟ್ಟಿನ ಗಿರಣಿಯಂತೆ ಕೇಳುತ್ತಿತ್ತು, ಎದುರಿಗೇ ಕೂತ ಹೆಂಡತಿಯ ಮಾತು ಪಕ್ಕದ ಮನೆಯಿಂದ ಬಂದಂತೆ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಅವನ್ನು ಮತ್ತೆ ಮತ್ತೆ ಜೋಡಿಸಿದೆ. ಜೋಡಿಯಾಯಿತು ಎಂದಿತು ಫೋನು. ಸದ್ದು ಮಾತ್ರ ಮೇಲೇಳಲಿಲ್ಲ.

ಹನ್ನೊಂದು ಗಂಟೆಗೆ ತಿರುವನಂತಪುರದಲ್ಲಿ ನಮ್ಮ ಬ್ಯಾಂಕಿನ ಮೇಲಧಿಕಾರಿಗಳ ಸಭೆ. ಯಂತ್ರದ ಕ್ಲಿನಿಕ್ಕಿನ ಬಾಗಿಲು ತೆರೆಯುವುದೇ ಹತ್ತಕ್ಕೆ. ಹಿಂದಿನ ಸಭೆಯಲ್ಲಿ, ಇನ್ನೂ ಯಂತ್ರವಿಲ್ಲದ ಕಾಲದಲ್ಲಿ, ಕೇಳಿಸದ ಯಾವುದೋ ಪ್ರಶ್ನೆಗೆ ಗಂಭೀರವಾಗಿ ತಲೆಯಾಡಿಸಿ, ಹೊಸ ಸಾಫ್ಟ್‌ವೇರಿನ ತರಬೇತಿಯನ್ನು ಮೂರು ಜಿಲ್ಲೆಗಳಿಗೆ ನಡೆಸಿಕೊಡುವ ಹೊಣೆ ಹೊತ್ತು ಬಂದಿದ್ದೆ. ಕಳಮಶ್ಶೇರಿಯ ಒಂದು ಶಾಖೆಯನ್ನು ನೋಡಿಕೊಳ್ಳುವುದರಲ್ಲೇ ನಿದ್ದೆ ಕೆಡುವ ಮನುಷ್ಯ ನಾನು. ಈ ಸಲ ಇನ್ನೇನಕ್ಕೆ ತಲೆಯಾಡಿಸಿ ಬರುತ್ತೇನೋ!

"ಆಫೀಸಲ್ಲಿ ಹೇಳ್ಬಿಡಿ ಅಂದ್ರೆ ಕೇಳಲ್ಲ," ಎಂದಳು ಹೆಂಡತಿ, ನನ್ನ ಬಲಗಿವಿಗೆ ಬಾಯಿಟ್ಟು. "ಏನ್ ಗಂಟು ಹೋಗತ್ತೆ ನಿಮ್ದು? ಕಿವಿ ಮೇಲೆ ಕೂದ್ಲು ಬಿಟ್ಕೊಂಡು ನಾಟಕದೋರ ಥರ ಕಾಣ್ತೀರಿ."

ನಮ್ಮ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುವ ಮಗಳು ಬ್ಯಾಗು ಏರಿಸಿಕೊಳ್ಳುತ್ತ, ಗೋಡೆ ತೂರುವ ದನಿಯಲ್ಲಿ ಕೂಗಿದಳು: "ಗ್ರೂಪಿಲ್ ಚೋದಿಕ್ಕ್ ಅಚ್ಛಾ! ಅಚ್ಛನಲ್ಲೇ ಅಡ್ಮಿನ್?"

ಗ್ರೂಪಿನಲ್ಲಿ ಕೇಳಬೇಕಂತೆ, ನಾನೇ ತಾನೆ ಅಡ್ಮಿನ್. ಹೌದು, ನಾನೇ. ಆ ಪಟ್ಟವೂ ಕೇಳಿಸದ ಪ್ರಶ್ನೆಗೆ ತಲೆಯಾಡಿಸಿ ಪಡೆದದ್ದೇ.

ಕೊಚ್ಚಿ, ತಿರುವನಂತಪುರಗಳಲ್ಲಿ ಕೆಲಸಕ್ಕಿರುವ ಕನ್ನಡಿಗರು ಫೋನು, ಕಂಪ್ಯೂಟರ್‌ಗಳ ತಾಪತ್ರಯಕ್ಕೆ ಒಬ್ಬರಿಗೊಬ್ಬರು ಆಗಲೆಂದು ಕಟ್ಟಿಕೊಂಡ ವಾಟ್ಸಾಪ್ ಗುಂಪು ಅದು. ಮೊದಲು ಒಂದೇ ಇತ್ತು, ಸುಮಾರು ಇನ್ನೂರು ಜನ. ಐಟಿ ಪಾರ್ಕಿನ ಹುಡುಗರು, ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು. ಪ್ರಿಂಟರ್ ಕೆಟ್ಟಿದೆ ಎಂಬ ಗೋಳಿನ ಕೆಳಗೆ ಶುಭೋದಯದ ಗುಲಾಬಿ, ಅದರ ಕೆಳಗೆ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆಂಬ ವಿಚಾರಣೆ, "ಚಾಲೈ ಬಜಾರಲ್ಲಿ ಸಿಗತ್ತೆ" ಎಂಬ ಉತ್ತರ, ನಾಲ್ಕು ದಿನ ಬಿಟ್ಟು ಪ್ರಿಂಟರಿಗೆ ಪರಿಹಾರ.

ಅಲ್ಲಿ ಒಂದು ಪದ್ಧತಿ ತಾನಾಗಿ ಬೆಳೆದಿತ್ತು. ಯಾರೂ ತಮ್ಮ ಪ್ರಶ್ನೆ ಕೇಳುತ್ತಿರಲಿಲ್ಲ. "ನಮ್ಮ ಅತ್ತೆಯವರ ಫೋನಿನಲ್ಲಿ", "ನನ್ನ ಭಾವಮೈದುನನ ಲ್ಯಾಪ್‌ಟಾಪಿನಲ್ಲಿ" ಎಂದೇ ಶುರು. ಪಾಸ್‌ವರ್ಡ್ ಮರೆತವರು, ಮೋಸದ ಲಿಂಕು ಒತ್ತಿದವರು ಎಲ್ಲರೂ ನೆಂಟರೇ. ಉತ್ತರ ಕೊಡುವವರೂ ಮರ್ಯಾದೆಯಾಗಿ "ನಿಮ್ಮ ಅತ್ತೆಯವರಿಗೆ ಹೀಗೆ ಮಾಡಲು ಹೇಳಿ" ಎನ್ನುತ್ತಿದ್ದರು.

ಇದನ್ನು ಒಡೆದು ಏಳು ಗುಂಪು ಮಾಡಿದವನು ನಾನು. ಶಿಸ್ತು ಬೇಕು, ವಿಷಯಕ್ಕೊಂದು, ಊರಿಗೊಂದು ಗುಂಪಿದ್ದರೆ ಉತ್ತರ ಬೇಗ ಸಿಗುತ್ತದೆ ಎಂದು ಉದ್ದನೆಯ ಪತ್ರ ಬರೆದೆ. ಬೇಡವೆಂದವರೂ ಇದ್ದರು. ಗೊತ್ತಿರುವವರು ಯಾವ ಗುಂಪಿನಲ್ಲಿರುತ್ತಾರೆಂದು ಗೊತ್ತಿಲ್ಲದವನಿಗೆ ಹೇಗೆ ಗೊತ್ತಾಗಬೇಕು ಎಂದು ಅವರ ತಕರಾರು. ಸರಿಯಾದ ಮಾತೇ. ಆದರೆ ನನ್ನ ಪತ್ರದಲ್ಲಿಲ್ಲದ ಕಾರಣ ಬೇರೆ ಇತ್ತು. ಆಗಷ್ಟೇ ಕಿವಿಗೆ ಯಂತ್ರ ಬಂದಿತ್ತು. ಎಂದಾದರೂ ಅದರ ಬಗ್ಗೆ ಕೇಳಬೇಕಾಗಿ ಬಂದರೆ ಇನ್ನೂರು ಜನರೆದುರು, ಅದರಲ್ಲೂ ನಮ್ಮ ಬ್ಯಾಂಕಿನ ಏಳೆಂಟು ಮಂದಿಯೆದುರು ಕೇಳುವುದು ಹೇಗೆ? ಹಾಗಾಗಿ "ಇತರ ಉಪಕರಣ, ಕೊಚ್ಚಿ" ಎಂಬ ಗುಂಪು ಹುಟ್ಟಿತು. ಅದರಲ್ಲಿ ನಾಲ್ಕೇ ಜನ, ಒಬ್ಬರೂ ಬ್ಯಾಂಕಿನವರಲ್ಲ. ಹಳೆಯ ದೊಡ್ಡ ಗುಂಪಿಗೆ, ಅಡ್ಮಿನ್ ಮಾತ್ರ ಬರೆಯಬಹುದು ಎಂಬ ಬೀಗ ಬಿತ್ತು.

ಮೆಟ್ರೊದಲ್ಲಿ ಎರ್ನಾಕುಲಕ್ಕೆ ಬಂದು ರೈಲು ಹತ್ತಿದವನೇ ಆ ನಾಲ್ವರ ಗುಂಪಿನಲ್ಲಿ ಬರೆದೆ: "ನನ್ನ ಷಡ್ಡಕನ ಕಿವಿಯಂತ್ರ, ಫೋನು ಅಪ್‌ಡೇಟ್ ಆದ ಮೇಲೆ ಅದಕ್ಕೆ ಹೊಂದಿಕೊಳ್ಳುತ್ತಿಲ್ಲ. ತುರ್ತು."

ಆಲಪ್ಪುಳ ದಾಟುವಷ್ಟರಲ್ಲಿ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು ಮಿಕ್ಸಿಯಾದರೆ ಹೇಳಬಲ್ಲೆ ಎಂದರು. ಕೊಲ್ಲಂವರೆಗೆ ಮತ್ತೇನೂ ಬರಲಿಲ್ಲ. ಕಿಟಕಿಯ ಸೀಟು, ಪಕ್ಕದಲ್ಲಿ ಮೂಟೆಯಂಥ ಬ್ಯಾಗಿಟ್ಟು ನಿದ್ದೆಹೋದ ದಢೂತಿ ಮನುಷ್ಯ. ಏಳುವಂತಿಲ್ಲ, ಕಾಲು ಚಾಚುವಂತಿಲ್ಲ. ಹೊರಗೆ ಹಿನ್ನೀರು, ತೆಂಗು, ದೋಣಿ ಎಲ್ಲವೂ ಸದ್ದು ಕಿತ್ತ ಟೀವಿಯಂತೆ ಸರಿದುಹೋಗುತ್ತಿದ್ದವು. ಒಳಗೆ ನನ್ನ ಎಂಜಲು ನುಂಗುವ ಸದ್ದೊಂದೇ.

ಕೊಲ್ಲಂ ಬಿಟ್ಟ ಮೇಲೆ ದೊಡ್ಡ ಗುಂಪಿನ ಬೀಗ ತೆಗೆದೆ. ಅದೇ ಪ್ರಶ್ನೆಯನ್ನು ಅಲ್ಲಿ ಹಾಕಿದೆ.

ಮೊದಲು ಬಂದದ್ದು ಹೆಂಡತಿಯ ಸಂದೇಶ, ಅವಳೂ ಆ ಗುಂಪಿನಲ್ಲಿದ್ದಾಳೆ. ಪುಣ್ಯಕ್ಕೆ ನನಗೊಬ್ಬನಿಗೇ. "ನಂಗೊಬ್ಳು ಅಕ್ಕ ಇದಾಳೆ ಅಂತ ಇವತ್ತೇ ಗೊತ್ತಾಗಿದ್ದು."

ಇವಳು ಒಬ್ಬಳೇ ಮಗಳು. ಗಣಪತಿ ಹಬ್ಬಕ್ಕೆ ಸೇರಿದಾಗಲೆಲ್ಲ ಆ ಮಾತನ್ನು ಅರ್ಧ ಗುಂಪಿಗೆ ನಾನೇ ಹೇಳಿದ್ದೇನೆ. ಒಬ್ಬಳೇ ಮಗಳ ಗಂಡನಿಗೆ ಷಡ್ಡಕ ಎಲ್ಲಿಂದ ಬರಬೇಕು? ಅಳಿಸೋಣವೆಂದು ಬೆರಳು ಒಯ್ಯುವಷ್ಟರಲ್ಲಿ ಉತ್ತರ ಬಂತು. ತಿರುವನಂತಪುರದ ಕೇಂದ್ರ ಕಚೇರಿಯೊಂದರಲ್ಲಿರುವ ಧಾರವಾಡದ ಕಡೆಯ ಹೆಂಗಸು. ನಾನು ಗುಂಪು ಒಡೆದ ಮೇಲೆ ಅವರು ಏಳರಲ್ಲಿ ಟೀವಿ ಗುಂಪೊಂದಕ್ಕೇ ಸೇರಿದ್ದರು. ಉತ್ತರ ಬಂದದ್ದು ಧ್ವನಿಸಂದೇಶದಲ್ಲಿ. ಎರಡು ನಿಮಿಷದ್ದು.

ಫೋನನ್ನು ಕಿವಿಗೊತ್ತಿ ಹಿಡಿದೆ. ನೊಣ ಹಾಡಿದಂತಾಯಿತು. ಇನ್ನೊಂದು ಕಿವಿಗೆ ಹಿಡಿದೆ. ಅದೇ ನೊಣ. ರೈಲು ವರ್ಕಲದಲ್ಲಿ ನಿಂತು ಹೊರಟಿತು. ಸಭೆಗೆ ಒಂದು ಗಂಟೆಯೂ ಉಳಿದಿರಲಿಲ್ಲ. ಕೊನೆಗೆ ಇನ್ನೂರು ಜನರ ಎದುರು ಬರೆದೆ: "ದಯವಿಟ್ಟು ಬರೆದು ಕಳಿಸಿ. ಕೇಳಿಸುತ್ತಿಲ್ಲ."

ಯಾರಿಗೆ ಕೇಳಿಸುತ್ತಿಲ್ಲ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

"ಅಯ್ಯ, ತಡೀರಿ, ನಿಮ್ಮ ಷಡ್ಡಕರಿಗೆ ಬರದ ಕಳಸ್ತೀನಿ," ಎಂದು ಬಂತು. "ನಮ್ಮ ಕಾಕಾಂದೂ ಹಿಂಗ ಆಗಿತ್ರಿ. ಬ್ಲೂಟೂತ್ ಪಟ್ಟಿಯೊಳಗ ಜೋಡಿಸಿರ್ತೀರಿ, ಅದ ತಪ್ಪು. ಅಲ್ಲಿಂದ ತಗದ ಹಾಕ್ರಿ. ಸೆಟ್ಟಿಂಗ್ಸ್‌ನ್ಯಾಗ ಆಕ್ಸೆಸಿಬಿಲಿಟಿ ಅಂತ ಐತಿ, ಅದರೊಳಗಿಂದ ಜೋಡಿಸ್ರಿ. ಮೊದಲ ಯಂತ್ರದ ಬ್ಯಾಟರಿ ಬಾಗಲಾ ತಗದು ಮುಚ್ರಿ. ಒಂದೊಂದ ಕಿವಿ ಮಾಡ್ರಿ, ಅವಸರ ಬ್ಯಾಡ."

ಬಲಗಿವಿ ಮಾಡಿದೆ. ಇಡೀ ಬೋಗಿ ಒಮ್ಮೆಲೇ ಒಳಗೆ ನುಗ್ಗಿತು: ಹಳಿಯ ಸದ್ದು, ಯಾರದೋ ಮಗುವಿನ ಅಳು, ಪಕ್ಕದವನ ಗೊರಕೆ. ಎಡಗಿವಿಗೆ ಕೈಯಿಡುವಾಗ ಯಂತ್ರ ಬೆರಳಿನಿಂದ ಜಾರಿತು, ಸೀಟಿನಡಿಯಿಂದ ಹುಡುಕಿ ತೆಗೆಯುವಷ್ಟರಲ್ಲಿ ತಿರುವನಂತಪುರ ಬಂದಿತ್ತು. ಮತ್ತೆ ಫೋನಿನಲ್ಲಿ ಎಷ್ಟು ಒತ್ತಿದರೂ ಅದು ಜೋಡಿಯಾಗಲಿಲ್ಲ.

ಸಭೆಯಲ್ಲಿ ನನಗಿಟ್ಟ ಕುರ್ಚಿ, ಸಭೆ ನಡೆಸುವ ಅಧಿಕಾರಿಯ ಬಲಕ್ಕೆ. ಅಂದರೆ ಅವರು ನನ್ನ ಎಡಗಿವಿಯ ಕಡೆ. ಗುಂಪಿನಲ್ಲಿರುವ ನಮ್ಮ ಬ್ಯಾಂಕಿನ ಇಬ್ಬರು ಎದುರಿಗೇ ಕೂತು ಫೈಲು ನೋಡುತ್ತಿದ್ದರು, ಅತಿಯಾದ ಶ್ರದ್ಧೆಯಿಂದ. ನಾನು ಎದ್ದು ನಿಂತೆ.

"ಸರ್, ನನಗೆ ಎಡಗಿವಿ ಕೇಳಿಸುವುದಿಲ್ಲ. ಆ ಕಡೆ ಕೂರಲೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಅದಿನೆಂತಾ, ವಾ," ಎಂದು ಅವರು ಅದಕ್ಕೇನಂತೆ ಎಂಬಂತೆ ಕುರ್ಚಿ ಎಳೆದುಕೊಟ್ಟು, ತರಬೇತಿಯನ್ನು ನಾಲ್ಕನೆಯ ಜಿಲ್ಲೆಗೂ ವಿಸ್ತರಿಸೋಣವೇ ಎಂದರು. ಪ್ರತಿ ಅಕ್ಷರ ಕೇಳಿಸಿತು. ಆಗುವುದಿಲ್ಲ ಎಂದೆ. ಹಾಗಾದರೆ ಮೂರನ್ನಾದರೂ ಬಿಡಬೇಡಿ ಎಂದರು. ಅದೂ ಸ್ಪಷ್ಟವಾಗಿಯೇ ಕೇಳಿಸಿತು.

ಸಂಜೆಯ ರೈಲಿನಲ್ಲಿ ಫೋನು ತೆಗೆದರೆ ದೊಡ್ಡ ಗುಂಪು ಮತ್ತೆ ಸಂತೆಯಾಗಿತ್ತು. ಆಗಲೇ ಎರಡು ಗುಲಾಬಿ, ಒಂದು ಹಪ್ಪಳದ ಜಾಹೀರಾತು. ಮತ್ತೆ ಬೀಗ ಹಾಕಲು ಹೊರಟೆ. ಅಷ್ಟರಲ್ಲಿ ನಮ್ಮ ಬ್ಯಾಂಕಿನವರೇ ಒಬ್ಬರು, ಬೆಳಿಗ್ಗೆ ಎದುರಿಗೆ ಫೈಲು ನೋಡುತ್ತಿದ್ದವರು, ಬರೆದರು: "ನಮ್ಮ ಮಾವನವರ ಕಿವಿಯಂತ್ರದ್ದೂ ಇದೇ ಕಥೆ. ಬಲಗಡೆಯದು ಸರಿಹೋಯಿತು, ಎಡಗಡೆಯದು ಜೋಡಿ ಆಗುತ್ತಿಲ್ಲ. ಏನು ಮಾಡಬೇಕು?"

ನಾನು "ನನ್ನದೂ ಎಡಗಡೆಯದೇ" ಎಂದು ಬರೆದೆ. ಇನ್ನು ಬೀಗ ಹಾಕುವಂತಿರಲಿಲ್ಲ, ಉತ್ತರ ಬರುವವರೆಗೆ ಇಬ್ಬರೂ ಕಾಯಬೇಕಿತ್ತು.