ಮೈ ತುಂಬಿಕೊಂಡ ಟೇಲರ್

ಚಿತ್ತವಾಡ್ಗಿಯ ನಮ್ಮ ಓಣಿಯ ಟೇಲರ್ ಸೊಂಟನೋವೆಂದು ದಿನವೂ ಚಹದ ಜೊತೆ ನೋವಿನ ಗುಳಿಗೆ ನುಂಗುತ್ತಿದ್ದರು. ಬೇಡವೆಂದರೆ, “ಇಷ್ಟ ಸಣ್ಣ ಗುಳಿಗಿ ಏನ್ ಮಾಡೀತ್ರಿ?” ಎಂದು ಕಿರುಬೆರಳಿನ ಉಗುರು ತೋರಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಮುಖ ದುಂಡಗಾಯಿತು. “ಮಸ್ತ್ ಮೈ ತುಂಬ್ಕೊಂಡೀರಿ” ಎಂದೆವು ಗಿರಾಕಿಗಳೆಲ್ಲ. ಅವರೂ ಹಿಗ್ಗಿ, ತಮ್ಮ ಅಂಗಿಗಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡರು.

ಕಾಲು ಚಪ್ಪಲಿಗೆ ಹಿಡಿಸದಾದಾಗ ಹೊಸಪೇಟೆಯ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ, ನೋವಿನ ಗುಳಿಗೆಯಿಂದ ಕಿಡ್ನಿಗೆ ಉರಿಯೂತವಾಗಿದೆ, ಇದು ಮೈ ತುಂಬಿದ್ದಲ್ಲ, ಬಾವು ಎಂದರು. ನೋವಿನ ಗುಳಿಗೆ ನಿಂತಿತು, ಊಟದಲ್ಲಿ ಉಪ್ಪು ಕಡಿಮೆಯಾಯಿತು, ಬಿಪಿ ಔಷಧ ಶುರುವಾಯಿತು.

ಕೆಲವು ತಿಂಗಳ ಮೇಲೆ ಬಾವು ಇಳಿದು ಅವರು ಅಂಗಡಿ ತೆರೆದಾಗ ನಾನೇ ಮರುಗಿದೆ: “ಭಾಳ ಸೊರಗೀರಲ್ರಿ!”

ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ನಕ್ಕರು. “ಈಗ ಆರಾಮದೀನ್ರಿ. ಸಾಯಾಕತ್ತಿದ್ದಾಗ ನೀವೆಲ್ಲ ಭಾಳ ಹೊಗಳಿದ್ರಿ.”