ನಳಿಗೆ ಹೊಳೆದರೆ ಸಾಲದು

ಬೆಳಗಿನ ಐದೂಕಾಲು. ಕಾವಲು ಪಡೆಯ ಶಸ್ತ್ರಾಗಾರದ ಹಿಂಬದಿಯ ಕೋಣೆ. ತಗಡು ಹೊದಿಸಿದ ಮೇಜಿನ ಮೇಲೆ ರೈಫಲ್ಲೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಅದರ ಹಿಂಬಾಯಿಗೆ ಟಾರ್ಚ್ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ. ಪಡೆಯವರೆಲ್ಲ ಇವರನ್ನು ಕರೆಯುವುದು ಬ್ರಷ್ಷಕ್ಕ ಎಂದು.

ರೈಫಲ್ಲಿಗೆ ಕಟ್ಟಿದ ಚೀಟಿಯಲ್ಲಿ ದೂರು ಇದೆ: ಹಾರಿಸಿದ ಮೇಲೆ ಖಾಲಿ ಕಾಡತೂಸು ಹೊರಬರುತ್ತಿಲ್ಲ. ದೊಡ್ಡ ವರ್ಕ್‌ಶಾಪಿನವರು ಈಗಾಗಲೇ ಎರಡು ಸಲ ಕಾಡತೂಸನ್ನು ಎಳೆಯುವ ಕೊಕ್ಕೆ ಬದಲಾಯಿಸಿ ಕೈತೊಳೆದುಕೊಂಡಿದ್ದಾರೆ. ಆರು ಗಂಟೆಗೆ ಕಾವಲುಗಾರನೊಬ್ಬ ಇದನ್ನೇ ಹೆಗಲಿಗೇರಿಸಿಕೊಂಡು ಪಾಳಿಗೆ ಹೋಗಬೇಕು.

"ಎಲ್ರೂ ಪಾಪ ಕೊಕ್ಕೆನೇ ಬೈತಾರೆ. ಅದೇನು ಮಾಡುತ್ತೆ, ಎಳೆಯೋದಷ್ಟೇ ಅದರ ಕೆಲಸ. ಬಿಡದೆ ಹಿಡ್ಕೊಂಡು ಕೂತಿರೋನನ್ನ ಯಾರೂ ಕೇಳಲ್ಲ," ಎನ್ನುತ್ತಾರೆ ಬ್ರಷ್ಷಕ್ಕ.

ಹಿಡಿದುಕೊಂಡು ಕೂತಿರುವುದು ಚೇಂಬರು, ಅಂದರೆ ನಳಿಗೆಯ ಬುಡದಲ್ಲಿ ಕಾಡತೂಸು ಕೂರುವ ಜಾಗ. ಗುಂಡು ಹಾರಿದ ಕ್ಷಣ ಕಾಡತೂಸಿನ ಹಿತ್ತಾಳೆ ಉಬ್ಬಿ ಗೋಡೆಗೆ ಒತ್ತಿಕೊಳ್ಳುತ್ತದೆ, ಮರುಕ್ಷಣವೇ ಸಡಿಲವಾಗಬೇಕು. ಗೋಡೆಗೆ ಮಸಿ ಕಟ್ಟಿದ್ದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಕೊಕ್ಕೆ ಕಾಡತೂಸಿನ ಅಂಚನ್ನು ಹರಿದುಕೊಂಡು ಬರಿದೇ ಹಿಂದೆ ಬರುತ್ತದೆ. ಆಮೇಲೆ ಕೈಯಲ್ಲಿರುವುದು ರೈಫಲ್ಲಲ್ಲ, ದೊಣ್ಣೆ.

ಈ ಪಡೆಯಲ್ಲೊಂದು ಪದ್ಧತಿಯಿದೆ. ಸೋಮವಾರದ ತಪಾಸಣೆಯಲ್ಲಿ ಅಧಿಕಾರಿ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇಣುಕುತ್ತಾರೆ. ಒಳಗೆ ಫಳಫಳ ಹೊಳೆದರೆ ಶಹಬ್ಬಾಸ್. ಹಾಗಾಗಿ ಕಾವಲುಗಾರರು ಉಜ್ಜುವುದೂ ನಳಿಗೆಯನ್ನೇ. ಚೇಂಬರು ನಳಿಗೆಗಿಂತ ತುಸು ಅಗಲ. ನಳಿಗೆಯ ಬ್ರಷ್ಷು ಅದರ ಗೋಡೆಯನ್ನು ಮುಟ್ಟುವುದೇ ಇಲ್ಲ. ಮೇಲಿಂದ ಧಾರಾಳವಾಗಿ ಎಣ್ಣೆ ಬೇರೆ. ಎಣ್ಣೆ, ಧೂಳು, ಮಸಿ ಎಲ್ಲ ಸೇರಿ ಬಿಸಿಗೆ ಬೆಂದು, ತಳ ಹಿಡಿದ ಪಾತ್ರೆಯ ಹಾಗೆ ಗಟ್ಟಿಯಾಗುತ್ತದೆ.

ಬ್ರಷ್ಷಕ್ಕನ ಗಂಡನೂ ಇದೇ ಪಡೆಯ ಕಾವಲುಗಾರರಾಗಿದ್ದರು. ಹನ್ನೊಂದು ವರ್ಷದ ಹಿಂದೆ, ನಡುಹಗಲಲ್ಲಿ ಗೋದಾಮಿಗೆ ದರೋಡೆಕೋರರು ನುಗ್ಗಿದರು. ಗಂಡನ ರೈಫಲ್ಲಿನಿಂದ ಒಂದೇ ಗುಂಡು ಹಾರಿತು. ಸಿಕ್ಕಿಕೊಂಡ ಕಾಡತೂಸನ್ನು ಎಳೆಯಲು ಹೆಣಗುತ್ತಿದ್ದಾಗಲೇ ಅವರನ್ನು ಕೊಂದರು. ತನಿಖೆಯ ವರದಿ ಒಂದೇ ಸಾಲಿನಲ್ಲಿ ಮುಗಿಯಿತು: ಆಯುಧ ಶುಚಿಯಾಗಿರಲಿಲ್ಲ, ಸಿಬ್ಬಂದಿಯ ನಿರ್ಲಕ್ಷ್ಯ. ಹೆಂಡತಿಗೆ ಅನುಕಂಪದ ಮೇಲೆ ಶಸ್ತ್ರಾಗಾರದಲ್ಲಿ ಕಸ ಗುಡಿಸುವ ಕೆಲಸ ಕೊಟ್ಟರು. ಗುಡಿಸುತ್ತಲೇ ಮುದುಕ ಮೆಕ್ಯಾನಿಕ್ಕನ ಕೈಕೆಲಸ ನೋಡಿ ನೋಡಿ ಕಲಿತರು. ಚೇಂಬರಿನ ವಿಷಯ, ಎಣ್ಣೆಯ ವಿಷಯ ತಿಳಿದದ್ದೂ ಆಗಲೇ.

"ನಮ್ಮನೆಯವರು ದಿನಾ ಉಜ್ಜೋರು. ಬಟ್ಟೆ ಚೂರು ಹರಿದು ಕೊಡ್ತಿದ್ದೋಳು ನಾನೇ. ಎಣ್ಣೆ ಇನ್ನೂ ಸ್ವಲ್ಪ ಹಾಕಿ, ನನ್ನ ಹೊಲಿಗೆ ಮಿಷನ್ನಿಗೂ ಹಾಗೇ ಹಾಕ್ತೀನಿ ಅಂತ ಹೇಳ್ದೋಳೂ ನಾನೇ," ಎನ್ನುವಾಗ ಕೈ ನಿಲ್ಲುತ್ತದೆ. ಸಂಕಟವನ್ನು ಮುಚ್ಚಿಡುವ ಪ್ರಯತ್ನವನ್ನೇ ಅವರು ಮಾಡುವುದಿಲ್ಲ.

ಈಗ ದಿನಕ್ಕೆ ಇಪ್ಪತ್ತಾರು ರೈಫಲ್. ಒಂದೊಂದಕ್ಕೂ ದ್ರಾವಣದಲ್ಲಿ ಅದ್ದಿದ ದಪ್ಪ ಬ್ರಷ್ಷನ್ನು ಚೇಂಬರಿನಲ್ಲಿ ಹನ್ನೆರಡು ಸುತ್ತು ತಿರುಗಿಸಬೇಕು, ಬಟ್ಟೆಯಿಂದ ಒಣಗಿಸಬೇಕು, ಮತ್ತೆ ಟಾರ್ಚ್ ಬಿಟ್ಟು ನೋಡಬೇಕು. ಮಣಿಕಟ್ಟು ಊದಿದೆ. ಉಗುರಿನ ಕಪ್ಪು ಯಾವ ಸೋಪಿಗೂ ಜಗ್ಗುವುದಿಲ್ಲ.

ಆರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಅಧಿಕಾರಿ ಬಾಗಿಲಿಗೆ ಬರುತ್ತಾರೆ. "ಏನಮ್ಮಾ, ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ? ನಳಿಗೆ ಹೊಳೀತಿದೆಯಲ್ಲ!"

"ಹೊಳೀತಿದೆ ಸಾರ್. ಚೇಂಬರಿನ ಮಸಿ ತೆಗೆದೆ, ಕೆಳಗೆ ತುಕ್ಕು ತಿಂದು ಹಳ್ಳ ಬಿದ್ದಿದೆ. ಎಷ್ಟು ಉಜ್ಜಿದ್ರೂ ಕಚ್ಚುತ್ತೆ. ಆ ಹುಡುಗನಿಗೆ ಬೇರೆ ಕೊಡಿ."

"ಬೇರೆ ಎಲ್ಲಿಂದ ತರ್ಲಿ?"

"ನಂಗೊತ್ತಿಲ್ಲ ಸಾರ್. ಇದನ್ನಂತೂ ಕೊಡಲ್ಲ."

ಅಧಿಕಾರಿ ಗೊಣಗುತ್ತ, ತಮ್ಮ ಅಂಗರಕ್ಷಕನ ರೈಫಲ್ಲನ್ನೇ ಪಾಳಿಯವನಿಗೆ ಕೊಡಿಸುತ್ತಾರೆ. ಬ್ರಷ್ಷಕ್ಕ ಮುಂದಿನದನ್ನು ಮೇಜಿಗೆ ಎಳೆದುಕೊಳ್ಳುತ್ತಾರೆ.

ಗಂಡನ ಸಾವಿನ ವರದಿ ತಿದ್ದಿ ಎಂದು ನಾಲ್ಕು ಅರ್ಜಿ ಹಾಕಿದ್ದಾರೆ. ಮುಗಿದ ಕಡತ ತೆರೆಯಲಾಗದು ಎಂದು ನಾಲ್ಕು ಸಲವೂ ಉತ್ತರ ಬಂದಿದೆ. ಐದನೆಯದು ಚೀಲದಲ್ಲಿ ಸಿದ್ಧವಿದೆ. ಏನು ಬೇಕು ನಿಮಗೆ ಎಂದರೆ ಕೆಲಸ ನಿಲ್ಲಿಸದೆಯೇ ಹೇಳುತ್ತಾರೆ:

"ಶುಚಿ ಇರ್ಲಿಲ್ಲ ಅನ್ನೋದು ನಿಜ, ಅದು ಇರ್ಲಿ. ನಿರ್ಲಕ್ಷ್ಯ ಅನ್ನೋದೊಂದು ಹೊಡೆದುಹಾಕ್ಲಿ. ಎಲ್ಲಿ ಉಜ್ಜಬೇಕು ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ. ಯಾರದಾದ್ರೂ ತಪ್ಪು ಅಂತ ಬರೀಲೇಬೇಕಾ? ಹೆಂಡ್ತಿದು ಅಂತ ಬರ್ಕೊಳ್ಳಿ."